ಒಂದು ಮೂಲೆ ಮಾತ್ರ ದುಂಡಗೆ

(ಯುವಜನರ ಸಂಜೆ ಆರಾಧನೆ. ವಾಕ್ಯಭಾಗ: ಜ್ಞಾನೋಕ್ತಿ 18:10-12. ರೆಕಾರ್ಡಿಂಗ್‌ನಿಂದ ಬರೆದುಕೊಂಡದ್ದು.)

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ನಾಲ್ಕು ಕುರ್ಚಿ ಖಾಲಿ ಇದೆ. ಮುಂದೆ ಕೂತ್ರೆ ಪಾಸ್ಟರ್ ಪ್ರಶ್ನೆ ಕೇಳ್ತಾರೆ ಅಂತ ಭಯ ಬೇಡ, ಇವತ್ತು ಕೇಳಲ್ಲ. (ನಗು)

ಜ್ಞಾನೋಕ್ತಿ 18ನೇ ಅಧ್ಯಾಯ ತೆಗೆಯಿರಿ. 10, 11, 12, ಮೂರು ವಚನ. ಫೋನಲ್ಲಿ ತೆಗೆಯೋರು ನೋಟಿಫಿಕೇಶನ್ ಆಫ್ ಮಾಡಿ ತೆಗೆಯಿರಿ. ಒಬ್ಬ ತಂಗಿ ನಮಗೋಸ್ಕರ ಜೋರಾಗಿ ಓದಲಿ.

(ವಚನಗಳನ್ನು ಓದಲಾಯಿತು.)

ಆಮೆನ್. ಮೂರು ವಚನ, ಮೂರು ಚಿತ್ರ. ಹತ್ತನೇ ವಚನದಲ್ಲಿ ಒಂದು ಬುರುಜು ಇದೆ. ಅದು ಕಲ್ಲಿನದ್ದಲ್ಲ, ಕರ್ತನ ನಾಮವೇ ಆ ಬುರುಜು. ಹನ್ನೊಂದರಲ್ಲಿ ಒಂದು ಕೋಟೆ ಇದೆ. ಅದು ಐಶ್ವರ್ಯವಂತನ ದುಡ್ಡು. ಅದು ಬಹಳ ಎತ್ತರ ಅಂತ ಅವನ ಮನಸ್ಸಿನಲ್ಲಿದೆ, ಅಷ್ಟೇ. ಹನ್ನೆರಡರಲ್ಲಿ ಮನುಷ್ಯನ ಹೃದಯ ಇದೆ. ಬೀಳೋಕೆ ಮುಂಚೆ ಅದು ಉಬ್ಬಿರುತ್ತೆ, ಮಾನ ಸಿಗೋಕೆ ಮುಂಚೆ ಅದು ತಗ್ಗಿರುತ್ತೆ.

ಬೈಬಲ್ ಕಾಲೇಜಿನಲ್ಲಿ ನನ್ನ ಹೀಬ್ರೂ ಮಾರ್ಕ್ಸ್ ಎಷ್ಟು ಅಂತ ಕೇಳಬೇಡಿ. ಆದ್ರೆ ಇದೊಂದು ನೆನಪಿದೆ. ಹತ್ತನೇ ವಚನದ ಕೊನೇ ಪದ ‘ನಿಸ್ಗಾಬ್’. ನಾವು ಭದ್ರ ಅಂತ ಓದ್ತೇವೆ, ಮೂಲದಲ್ಲಿ ಅದರ ಅರ್ಥ ‘ಎತ್ತರದಲ್ಲಿ ಇಡಲ್ಪಟ್ಟವನು’. ಹನ್ನೊಂದರಲ್ಲಿ ಐಶ್ವರ್ಯವಂತನ ಗೋಡೆಗೂ ಅದೇ ಧಾತುವಿನ ಪದ ಬಂದಿದೆ. ಅಂದ್ರೆ ಇಬ್ಬರೂ ಎತ್ತರದಲ್ಲಿ ಇರಬೇಕು ಅಂತ ಬಯಸಿದವರೇ. ಒಬ್ಬನನ್ನು ದೇವರು ಎತ್ತರಕ್ಕೆ ಎತ್ತುತ್ತಾನೆ. ಇನ್ನೊಬ್ಬ ತಾನೇ ಎತ್ತರದಲ್ಲಿದ್ದೇನೆ ಅಂದುಕೊಳ್ಳುತ್ತಾನೆ. ಇವತ್ತಿನ ಸಂದೇಶ ಈ ವ್ಯತ್ಯಾಸದ ಮೇಲೆ.

ಒಂದು ಫೋಟೋ

ಇಂಗ್ಲೆಂಡಿಗೆ ಓದೋಕೆ ಹೋಗಿರೋ ನಮ್ಮ ಸಭೆಯ ಒಬ್ಬ ತಮ್ಮ ನನಗೆ ಒಂದು ಫೋಟೋ ಕಳಿಸಿದ. ಕೆಂಟ್ ಅನ್ನೋ ಪ್ರಾಂತ್ಯದಲ್ಲಿ ರೋಚೆಸ್ಟರ್ ಅಂತ ಊರು, ಅಲ್ಲಿ ಹಳೇ ಕೋಟೆಯ ಒಂದು ದೊಡ್ಡ ಬುರುಜು. ಕೆಳಗೆ ಬರೆದಿದ್ದ: ‘ಅಣ್ಣ, ಮೂರು ಮೂಲೆ ಚೌಕ ಇದೆ, ಒಂದು ಮೂಲೆ ಮಾತ್ರ ದುಂಡಗಿದೆ. ಯಾಕೆ ಗೊತ್ತಾ?’

ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂರು ವಾರ ರಾತ್ರಿ ಕೂತು ಓದಿದೆ. ಕೊನೆಗೆ ಅದು ನನ್ನದೇ ಕಥೆ ಅಂತ ಅನಿಸ್ತು. ಆದ್ದರಿಂದ ಇವತ್ತು ಸ್ವಲ್ಪ ಚರಿತ್ರೆ ಹೇಳ್ತೇನೆ, ತಾಳ್ಮೆಯಿಂದ ಕೇಳಿ.

ಆ ಬುರುಜನ್ನು ಕಟ್ಟಿಸಿದ್ದು ಒಬ್ಬ ಆರ್ಚ್‌ಬಿಷಪ್, ಕ್ಯಾಂಟರ್‌ಬರಿಯ ವಿಲಿಯಂ. ಕೆಲಸ ಶುರುವಾಗಿದ್ದು ಸುಮಾರು 1127ರಲ್ಲಿ. ಎತ್ತರ 113 ಅಡಿ, ಅದರ ಮೇಲೆ ಮೂಲೆಯ ಗೋಪುರಗಳು ಇನ್ನೂ 12 ಅಡಿ. ಅಂದ್ರೆ ಹತ್ತು ಮಹಡಿಯ ಅಪಾರ್ಟ್‌ಮೆಂಟ್ ಎತ್ತರಕ್ಕೆ, ಕ್ರೇನ್ ಇಲ್ಲದ ಕಾಲದಲ್ಲಿ. ಬುಡದಲ್ಲಿ ಗೋಡೆಯ ದಪ್ಪ ಸುಮಾರು 12 ಅಡಿ. ನಿಮ್ಮ ಪಿಜಿ ರೂಮ್ ಉದ್ದ ಎಷ್ಟಿದೆ? ಹೆಚ್ಚುಕಡಿಮೆ ಅಷ್ಟು ದಪ್ಪ ಗೋಡೆ!

ಇಂಥ ಬುರುಜುಗಳಲ್ಲಿ ಬಾಗಿಲು ನೆಲದ ಮಟ್ಟದಲ್ಲಿ ಇರೋದಿಲ್ಲ, ಒಂದು ಮಹಡಿ ಮೇಲೆ ಇರುತ್ತೆ. ರೋಚೆಸ್ಟರ್‌ನಲ್ಲಿ ಆ ಬಾಗಿಲಿಗೆ ಹೋಗಬೇಕಾದ್ರೆ ಹೊರಗಿನ ಮೆಟ್ಟಿಲು ಹತ್ತಬೇಕು, ಎತ್ತಿಬಿಡೋ ಸೇತುವೆ ದಾಟಬೇಕು, ಪಕ್ಕಕ್ಕೆ ಅಂಟಿಸಿ ಕಟ್ಟಿದ ಇನ್ನೊಂದು ಚಿಕ್ಕ ಕಟ್ಟಡದೊಳಗೆ ಹಾದು ಹೋಗಬೇಕು. ಗೋಡೆಯಲ್ಲಿ ಬಾಣ ಬಿಡೋ ಕಿಂಡಿಗಳು. ಅವು ಹೊರಗಡೆ ಸಣ್ಣ ಸೀಳು, ಒಳಗಡೆ ಅಗಲ. ಒಳಗಿರೋ ಬಿಲ್ಲುಗಾರ ಆಚೆ ಈಚೆ ತಿರುಗಬಹುದು, ಹೊರಗಿನವನಿಗೆ ಗುರಿಯಿಡೋಕೆ ಬೆರಳಷ್ಟೇ ಜಾಗ. ಬುರುಜಿನ ಮಧ್ಯದಲ್ಲಿ ಇನ್ನೊಂದು ದಪ್ಪ ಅಡ್ಡಗೋಡೆ, ಇಡೀ ಕಟ್ಟಡವನ್ನು ಎರಡು ಭಾಗ ಮಾಡುತ್ತೆ. ಆ ಅಡ್ಡಗೋಡೆಯ ಒಳಗೇ ಬಾವಿ. ಯಾವ ಮಹಡಿಯಲ್ಲಿದ್ದರೂ ಅಲ್ಲಿಂದಲೇ ನೀರು ಸೇದಬಹುದು. ಎಂಥಾ ಬುದ್ಧಿ ನೋಡಿ!

ಇನ್ನೊಂದು ಮಾತು. ಕೋಟೆಯ ಸುತ್ತು ಮೆಟ್ಟಿಲು ಬಲಕ್ಕೆ ತಿರುಗೋದು, ಮೇಲಿರೋನು ಬಲಗೈಯಲ್ಲಿ ಖಡ್ಗ ಬೀಸೋಕೆ ಅನುಕೂಲ ಆಗಲಿ ಅಂತ ರೀಲ್ಸ್‌ನಲ್ಲಿ ಬರುತ್ತಲ್ಲ? ನಾನೂ ಒಂದು ಸಲ ಇದೇ ವೇದಿಕೆಯಿಂದ ಅದನ್ನು ಹೇಳಿದ್ದೆ. ಓದಿದ ಮೇಲೆ ಗೊತ್ತಾಯ್ತು, ಎಡಕ್ಕೆ ತಿರುಗೋ ಮೆಟ್ಟಿಲುಗಳೂ ಬೇಕಾದಷ್ಟು ಕೋಟೆಗಳಲ್ಲಿವೆ, ಚರಿತ್ರೆಕಾರರು ಆ ವಿವರಣೆಯನ್ನು ಅಷ್ಟಾಗಿ ಒಪ್ಪಲ್ಲ. ಆದ್ದರಿಂದ ಆ ಮಾತನ್ನು ವಾಪಸ್ ತಗೊಳ್ತೇನೆ. ಕೇಳೋಕೆ ಚೆನ್ನಾಗಿದೆ ಅಂತ ಸುಳ್ಳನ್ನು ವೇದಿಕೆ ಮೇಲೆ ತರಬಾರದು. ಆಮೆನ್?

(ಸಭೆ: ಆಮೆನ್.)

ನಲವತ್ತು ಹಂದಿ

1215ನೇ ಇಸವಿ. ಇಂಗ್ಲೆಂಡಿನ ರಾಜ ಜಾನ್. ಜೂನ್ ತಿಂಗಳಲ್ಲಿ ಸರದಾರರ ಮುಂದೆ ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿಗೆ ಕೊಟ್ಟಿದ್ದ, ಆದ್ರೆ ಒಪ್ಪಂದ ಬೇಗ ಮುರಿದು ಹೋಯ್ತು. ಅವನಿಗೆ ತಿರುಗಿಬಿದ್ದ ಸರದಾರರ ಕಡೆಯವರು ರೋಚೆಸ್ಟರ್ ಬುರುಜಿನ ಒಳಗೆ ಸೇರಿಕೊಂಡರು. ಅಕ್ಟೋಬರ್ ಮಧ್ಯದಲ್ಲಿ ಜಾನ್ ಬಂದು ಮುತ್ತಿಗೆ ಹಾಕಿದ.

ಕಲ್ಲು ಎಸೆಯೋ ಯಂತ್ರಗಳನ್ನು ಹಗಲು ರಾತ್ರಿ ನಡೆಸಿದ. ಹೊರಗೋಡೆ ಬಿತ್ತು, ಬುರುಜು ಬೀಳಲಿಲ್ಲ. ಒಳಗಿದ್ದವರು ಕಲ್ಲು ಬರೋ ದಿಕ್ಕನ್ನು ನೋಡ್ತಿದ್ದರು, ಆಕಾಶ ನೋಡ್ತಿದ್ದರು. ಆದ್ರೆ ಜಾನ್ ಬಂದ ತಕ್ಷಣವೇ, ಅಕ್ಟೋಬರ್ 14ರಂದು, ಕ್ಯಾಂಟರ್‌ಬರಿಗೆ ಒಂದು ಆಜ್ಞೆ ಕಳಿಸಿದ್ದ: ಹಗಲಿರುಳು ಕೆಲಸ ಮಾಡಿ ಎಷ್ಟಾಗುತ್ತೋ ಅಷ್ಟು ಗುದ್ದಲಿ-ಪಿಕಾಸಿ ಮಾಡಿ ಕಳಿಸಿ ಅಂತ. ಯಾಕೆ ಪಿಕಾಸಿ? ಅಗೆಯೋಕೆ.

ಚೌಕ ಬುರುಜಿನ ದೌರ್ಬಲ್ಯ ಅದರ ಮೂಲೆ. ಮೂಲೆಯ ಕಲ್ಲಿಗೆ ಎರಡು ಕಡೆ ಬಯಲು, ಹಾರೆ ಹಾಕಿ ಮೀಟೋಕೆ ಸುಲಭ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗೋಡೆಯ ಕಿಂಡಿಯಿಂದ ನೋಡಿದ್ರೆ ನೇರ ಎದುರಿಗೆ ಕಾಣುತ್ತೆ. ಮೂಲೆಯ ಬುಡದಲ್ಲಿ ಯಾರಾದ್ರೂ ಕೂತಿದ್ರೆ ಈ ಗೋಡೆಯವನಿಗೂ ಕಾಣಲ್ಲ, ಆ ಗೋಡೆಯವನಿಗೂ ಕಾಣಲ್ಲ. ಬಾಣ ಮುಟ್ಟದ ಜಾಗ ಅದು. ವೈರಿ ಅಲ್ಲೇ ಬಂದು ಕೂರ್ತಾನೆ.

ಸುರಂಗ ತೋಡೋರು ಮೂಲೆಯ ಅಡಿಗೆ ಅಗೆದರು. ಈಗ ಇದನ್ನು ಸರಿಯಾಗಿ ಕೇಳಿ. ಅಗೆಯುವಾಗಲೇ ಬುರುಜು ಬೀಳಲ್ಲ. ಬಿದ್ರೆ ಅಗೆಯೋರೇ ಸಾಯ್ತಾರೆ. ಆದ್ದರಿಂದ ತಳಪಾಯದ ಮಣ್ಣು ತೆಗೀತಾ ತೆಗೀತಾ ಮರದ ತೊಲೆಗಳನ್ನು ಆಸರೆಗೆ ನಿಲ್ಲಿಸ್ತಾರೆ. ಮೇಲಿನ ಬುರುಜು ನೆಟ್ಟಗೇ ನಿಂತಿರುತ್ತೆ. ಬಾವುಟ ಹಾರಾಡ್ತಾ ಇರುತ್ತೆ. ಮೇಲೆ ಕಾವಲುಗಾರ ಗತ್ತಿನಿಂದ ಓಡಾಡ್ತಾ ಇರ್ತಾನೆ. ಕೆಳಗೆ ಮಾತ್ರ ತಳಪಾಯ ಇಲ್ಲ, ಕಟ್ಟಿಗೆ ಇದೆ.

ನವೆಂಬರ್ 25ರಂದು ಜಾನ್ ಇನ್ನೊಂದು ಪತ್ರ ಬರೆಸಿದ. ಆ ಪತ್ರದ ದಾಖಲೆ ಇವತ್ತಿಗೂ ಇದೆ. ತಿನ್ನೋಕೆ ಅಷ್ಟಾಗಿ ಯೋಗ್ಯವಲ್ಲದ, ಚೆನ್ನಾಗಿ ಕೊಬ್ಬಿರೋ 40 ಹಂದಿಗಳನ್ನು ಬೇಗ ಕಳಿಸಿ, ಬುರುಜಿನ ಅಡಿಯಲ್ಲಿ ಬೆಂಕಿ ಹಾಕೋಕೆ ಬೇಕು ಅಂತ. ಆ ಕೊಬ್ಬನ್ನು ಹಾಕಿ ತೊಲೆಗಳಿಗೆ ಬೆಂಕಿ ಹಚ್ಚಿದರು. ಆಸರೆ ಸುಟ್ಟಿತು. 12 ಅಡಿ ದಪ್ಪದ ಗೋಡೆಯ ಮೂಲೆ, 113 ಅಡಿ ಎತ್ತರದಿಂದ ಕುಸಿದು ಬಿತ್ತು.

ಅದೇ ಆ ದುಂಡು ಮೂಲೆಯ ಜಾಗ.

ನನ್ನ ಮೂಲೆ

ಪ್ರಿಯರೇ, ಈ ಮುಂದಿನ ಮಾತನ್ನು ನಾನು ಹೆಂಡತಿಯ ಅನುಮತಿ ಕೇಳಿ ಹೇಳ್ತಾ ಇದ್ದೇನೆ. ಅವಳು ಅಲ್ಲಿ ಮೂರನೇ ಸಾಲಲ್ಲಿ ಕೂತಿದ್ದಾಳೆ.

ನಾನು ಪೂರ್ತಿ ಸಮಯದ ಸೇವಕ ಅಲ್ಲ ಅಂತ ನಿಮಗೆ ಗೊತ್ತು. ನಾಲ್ಕು ವರ್ಷದ ಹಿಂದೆ ನನ್ನ ಆಫೀಸ್ ಕೆಲಸ ಹೋಯ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಮನೆಯಿಂದ ಹೊರಡ್ತಿದ್ದೆ, ಪಾರ್ಕಲ್ಲಿ ಕೂತು ಕೆಲಸ ಹುಡುಕ್ತಿದ್ದೆ. ಹೇಳೋಕೆ ಏನಡ್ಡ? ಭಾನುವಾರ ವೇದಿಕೆಯಿಂದ ‘ಕರ್ತನು ಕೊರತೆ ನೀಗಿಸ್ತಾನೆ’ ಅಂತ ಸಾರೋ ಮನುಷ್ಯ ಸೋಮವಾರ ‘ನನ್ನ ಹತ್ರ ಬಾಡಿಗೆಗೆ ದುಡ್ಡಿಲ್ಲ’ ಅಂತ ಹೇಗೆ ಹೇಳೋದು? ಇವನಿಗೇ ನಂಬಿಕೆ ಇಲ್ಲ ಅಂತ ಜನ ಅಂದುಕೊಳ್ಳಲ್ವಾ? ಹನ್ನೆರಡನೇ ವಚನ ನೋಡಿ. ಉಬ್ಬಿದ ಹೃದಯ ಅಂದ್ರೆ ಯಾವಾಗ್ಲೂ ಜಂಭ ಕೊಚ್ಚೋದೇ ಅಲ್ಲ. ಕೆಲವು ಸಲ ಸಹಾಯ ಕೇಳದೇ ಇರೋದು ಕೂಡ.

ಒಂದು ಲೋನ್ ಆಪ್‌ನಿಂದ 8,000 ರೂಪಾಯಿ ತಗೊಂಡೆ. ಐದೇ ನಿಮಿಷ, ಯಾರನ್ನೂ ಕೇಳಬೇಕಾಗಿಲ್ಲ. ಅದನ್ನು ತೀರಿಸೋಕೆ ಇನ್ನೊಂದು ಆಪ್. ಅದನ್ನು ತೀರಿಸೋಕೆ ಮತ್ತೊಂದು. ಏಳು ತಿಂಗಳಲ್ಲಿ ಹನ್ನೊಂದು ಆಪ್, 1,90,000 ರೂಪಾಯಿ. ಒಂದೊಂದು ಹೊಸ ಸಾಲವೂ ಒಂದೊಂದು ಮರದ ತೊಲೆ. ನಾನು ಬೀಳಲಿಲ್ಲ. ಆ ಏಳು ತಿಂಗಳೂ ನಾನು ಆರಾಧನೆ ನಡೆಸಿದೆ, ಉಪವಾಸ ಪ್ರಾರ್ಥನೆ ಮಾಡಿದೆ, ನಿಮ್ಮಲ್ಲಿ ಕೆಲವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಬಾವುಟ ಹಾರಾಡ್ತಿತ್ತು. ಕೆಳಗೆ ಕಟ್ಟಿಗೆ ಇತ್ತು.

ಆಮೇಲೆ ಬೆಂಕಿ ಬಿತ್ತು. ಒಂದು ಮಧ್ಯಾಹ್ನ ರಿಕವರಿ ಏಜೆಂಟ್ ನನ್ನ ಹೆಂಡತಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದ. ನನ್ನ ಕಾಂಟ್ಯಾಕ್ಟ್ ಲಿಸ್ಟ್‌ನಲ್ಲಿ ಇದ್ದವರಿಗೆಲ್ಲ ನನ್ನ ಫೋಟೋ ಹಾಕಿ ‘ಕಳ್ಳ’ ಅಂತ ಮೆಸೇಜ್ ಕಳಿಸಿದ. ಆ ಸಂಜೆ ನಾನು ಮನೆ ಕೆಳಗೆ ಪಾರ್ಕಿಂಗ್‌ನಲ್ಲಿ ಬೈಕ್ ಮೇಲೆ ಒಂದೂವರೆ ಗಂಟೆ ಕೂತಿದ್ದೆ. ಮೇಲೆ ಹೋಗೋಕೆ ಕಾಲು ಬರಲಿಲ್ಲ. ಯಾವ ಯೋಚನೆ ಬಂತು ಅಂತ ಇಲ್ಲಿ ಬಿಡಿಸಿ ಹೇಳಲ್ಲ. ಆ ಯೋಚನೆ ಬಂದಿರೋರಿಗೆ ಅದು ಯಾವುದು ಅಂತ ಗೊತ್ತು.

ಕೊನೆಗೆ ಮೇಲೆ ಹೋದೆ. ಅವಳು ಬೈತಾಳೆ, ಅಳ್ತಾಳೆ ಅಂದುಕೊಂಡಿದ್ದೆ. ಮೊದಲು ‘ಊಟ ಮಾಡಿದ್ರಾ?’ ಅಂತ ಕೇಳಿದಳು. ಆಮೇಲೆ ಹೇಳಿದಳು: ‘ಎಷ್ಟು ದುಡ್ಡು ಅಂತ ಆಮೇಲೆ ಹೇಳಿ. ಎಷ್ಟು ದಿನದಿಂದ ಒಬ್ಬರೇ ಹೊತ್ಕೊಂಡಿದ್ರಿ, ಅದನ್ನು ಮೊದಲು ಹೇಳಿ.’

(ಸ್ವಲ್ಪ ಹೊತ್ತು ಮೌನ.)

ಸ್ತೋತ್ರ ಕರ್ತನೇ. ಹತ್ತನೇ ವಚನದಲ್ಲಿ ನೀತಿವಂತ ಮಾಡೋ ಕೆಲಸ ಯಾವುದು? ಒಂದೇ, ಓಡೋದು. ನಾನು ಏಳು ತಿಂಗಳು ಬುರುಜಿನ ಬಗ್ಗೆ ಪ್ರಸಂಗ ಮಾಡಿದೆ, ಅದರ ಒಳಗೆ ಓಡಲಿಲ್ಲ. ಬುರುಜಿನ ಬಗ್ಗೆ ಗೊತ್ತಿರೋದು ಬೇರೆ, ಅದರ ಒಳಗಿರೋದು ಬೇರೆ.

ಅಡ್ಡಗೋಡೆ

ಈಗ ರೋಚೆಸ್ಟರ್‌ಗೆ ವಾಪಸ್ ಬನ್ನಿ. ಮೂಲೆ ಬಿದ್ದ ಮೇಲೆ ಎಲ್ಲಾ ಮುಗೀತು ಅಂದುಕೊಂಡ್ರಾ? ಇಲ್ಲ. ಒಳಗಿದ್ದವರು ಅಡ್ಡಗೋಡೆಯ ಆಚೆಗೆ ಸರಿದು ಅಲ್ಲಿಂದ ಮತ್ತೆ ಎದುರಿಸಿದರು. ಅರ್ಧ ಬುರುಜು ಬಯಲಾದ ಮೇಲೂ ಇನ್ನರ್ಧ ನಿಂತಿತ್ತು. ಯಾಕಂದ್ರೆ ಕಟ್ಟಿದವರು ಮೊದಲೇ ಯೋಚನೆ ಮಾಡಿದ್ದರು: ಹೊರಗೋಡೆ ಬಿದ್ರೆ ಏನು ಗತಿ? ಒಳಗೆ ಇನ್ನೊಂದು ಇರಲಿ.

ನಿಮ್ಮ ಜೀವನದಲ್ಲಿ ಅಡ್ಡಗೋಡೆ ಯಾರು? ನೀವು ಬಿದ್ದಾಗ ನಿಮ್ಮ ಹಿಂದೆ ನಿಲ್ಲೋರು ಯಾರು? ಯಾಕೋಬನ ಪತ್ರಿಕೆ 5ನೇ ಅಧ್ಯಾಯ 16ನೇ ವಚನ ಮನೆಗೆ ಹೋಗಿ ಓದಿ. ತಪ್ಪನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಬೇಕು ಅಂತ ಅಲ್ಲಿದೆ. ನಾವು ಪೆಂಟೆಕೋಸ್ಟಲ್ ಜನ ಪ್ರಾರ್ಥನೆ ಜೋರಾಗಿ ಮಾಡ್ತೇವೆ, ಅರಿಕೆ ಮಾತ್ರ ಮೆತ್ತಗೆ ಮಾಡ್ತೇವೆ. (ನಗು)

ಮರುದಿನ ನಾನು ಹೆಂಡತಿ ಜೊತೆ ನಮ್ಮ ಸಭೆಯ ಒಬ್ಬ ಹಿರಿಯರ ಮನೆಗೆ ಹೋದೆ. ಅಂಕಲ್ ಪೂರ್ತಿ ಕೇಳಿದರು. ಪ್ರಾರ್ಥನೆ ಮಾಡಿದರು. ಆಮೇಲೆ ಮೂರು ಕೆಲಸ ಹೇಳಿದರು. ಮೊದಲನೆಯದು, ಹನ್ನೊಂದು ಸಾಲವನ್ನೂ ಒಂದು ನೋಟ್‌ಬುಕ್ಕಲ್ಲಿ ಬರಿ. ಎರಡನೆಯದು, ಬೆದರಿಕೆ ಮೆಸೇಜ್‌ಗಳನ್ನು ತಗೊಂಡು ನಾಳೆ ನನ್ನ ಜೊತೆ ಪೊಲೀಸ್ ಸ್ಟೇಷನ್‌ಗೆ ಬಾ. ಮೂರನೆಯದು ಕಷ್ಟದ್ದು: ಮೂರು ತಿಂಗಳು ವೇದಿಕೆ ಹತ್ತಬೇಡ, ಕೊನೇ ಸಾಲಲ್ಲಿ ಕೂತು ವಾಕ್ಯ ಕೇಳು.

ಆ ಮೂರು ತಿಂಗಳು ನನಗೆ ಶಿಕ್ಷೆ ಅನಿಸಿತ್ತು. ಈಗ ಹಿಂದೆ ತಿರುಗಿ ನೋಡಿದ್ರೆ ಅದೇ ನನ್ನ ಅಡ್ಡಗೋಡೆ. ಮತ್ತು ನೆನಪಿದೆಯಾ, ರೋಚೆಸ್ಟರ್‌ನಲ್ಲಿ ಬಾವಿ ಎಲ್ಲಿತ್ತು? ಅಡ್ಡಗೋಡೆಯ ಒಳಗೇ! ನಾನು ಇಷ್ಟು ವರ್ಷ ವೇದಿಕೆ ಮೇಲೆ ನಿಂತು ನೀರು ಹಂಚಿದ್ದೆ. ಕೊನೇ ಸಾಲಲ್ಲಿ ಕೂತಾಗ ನಾನೇ ಕುಡಿದೆ. ಹಲ್ಲೆಲೂಯಾ!

ಕಿಟಕಿ ಯಾರು ಇಟ್ಟದ್ದು?

ಇನ್ನೊಂದು ಕೋಟೆ ಹೇಳಿ ಮುಗಿಸೋ ಕಡೆಗೆ ಬರ್ತೇನೆ. ಫ್ರಾನ್ಸಿನ ನಾರ್ಮಂಡಿಯಲ್ಲಿ, ಸೇನ್ ನದಿಯ ಮೇಲಿನ ಬಂಡೆಯಲ್ಲಿ ಶಾಟೋ ಗಯಾರ್ ಅಂತ ಕೋಟೆ ಇದೆ. ಕಟ್ಟಿಸಿದ್ದು ಜಾನ್‌ನ ಅಣ್ಣ, ಸಿಂಹಹೃದಯ ಅಂತ ಹೆಸರಾದ ರಿಚರ್ಡ್ ರಾಜ. 1196ರಿಂದ 1198ರೊಳಗೆ ಬಹುಪಾಲು ಮುಗಿಸಿಬಿಟ್ಟ. ಒಂದರ ಹಿಂದೆ ಒಂದು ಆವರಣ, ಒಳಗಿನ ಗೋಡೆಯಲ್ಲಿ ದುಂಡು ಉಬ್ಬುಗಳು, ಮೂಲೆಯೇ ಇಲ್ಲದ ಹಾಗೆ. ಆ ಕಾಲದ ಅತಿ ಜಾಣ ಕೋಟೆಗಳಲ್ಲಿ ಒಂದು.

ರಿಚರ್ಡ್ ಸತ್ತ ಮೇಲೆ ಅದು ಜಾನ್ ಕೈಗೆ ಬಂತು. ಜಾನ್ ಒಳಗೆ ಒಂದು ಹೊಸ ಕಟ್ಟಡ ಸೇರಿಸಿದ, ಅದರಲ್ಲಿ ಒಂದು ಪ್ರಾರ್ಥನಾಲಯ ಇತ್ತು, ಹೊರಕ್ಕೆ ಒಂದು ಕಿಟಕಿ ಇತ್ತು. 1203ರಲ್ಲಿ ಫ್ರಾನ್ಸ್ ರಾಜ ಫಿಲಿಪ್ ಮುತ್ತಿಗೆ ಹಾಕಿದ. ಆ ಕಾಲದ ಚರಿತ್ರೆ ಬರೆದವನು ಹೇಳೋ ಪ್ರಕಾರ ಬೋಜಿ ಅನ್ನೋ ಒಬ್ಬ ಸೈನಿಕ ಆ ಕಿಟಕಿಯನ್ನು ನೋಡಿದ, ಗೆಳೆಯನ ಹೆಗಲು ಹತ್ತಿ ಅದರಿಂದ ಒಳಗೆ ನುಗ್ಗಿದ, ಹಗ್ಗ ಹಾಕಿ ಇತರರನ್ನೂ ಎಳೆದುಕೊಂಡ. ಶೌಚದ ಕೊಳವೆಯಿಂದ ಹತ್ತಿದ್ದು ಅಂತಲೂ ಕೆಲವರು ಹೇಳ್ತಾರೆ. ಹೇಗಿದ್ದರೂ ಮಧ್ಯದ ಆವರಣ ಹಾಗೆ ಹೋಯ್ತು. 1204ರ ಮಾರ್ಚ್ 6ರಂದು ಇಡೀ ಕೋಟೆ ಬಿತ್ತು.

ಅಷ್ಟು ಜಾಣತನದಿಂದ ಕಟ್ಟಿದ ಗೋಡೆಯಲ್ಲಿ ಆ ಕಿಟಕಿಯನ್ನು ವೈರಿ ಕೊರೆಯಲಿಲ್ಲ. ಮಾಲೀಕನೇ ತನ್ನ ಅನುಕೂಲಕ್ಕೆ ಇಟ್ಟದ್ದು. ಅದೂ ಪ್ರಾರ್ಥನಾಲಯ ಇರೋ ಕಟ್ಟಡಕ್ಕೆ! ಯೌವನಸ್ಥರೇ, ಸೈತಾನ ಯಾವಾಗ್ಲೂ ಪಬ್ ಬಾಗಿಲಿಂದಲೇ ಬರಲ್ಲ. ‘ನನ್ನ ಸೇವೆ, ನನ್ನ ವರ, ನನ್ನ ಹೆಸರು’ ಅನ್ನೋ ಕಿಟಕಿಯಿಂದಲೂ ಬರ್ತಾನೆ. ನನ್ನ ವಿಷಯದಲ್ಲಿ ಹಾಗೇ ಬಂದ. ಕಾಡುತ್ತಿದ್ದದ್ದು ದುಡ್ಡಿನ ಆಸೆ ಅಲ್ಲ, ಒಳ್ಳೇ ಪಾಸ್ಟರ್ ಅನ್ನೋ ಹೆಸರಿನ ಆಸೆ.

ಇಲ್ಲಿ ಒಂದು ಎಚ್ಚರಿಕೆ. ಕೋಟೆ, ವೈರಿ ಅಂತ ಮಾತಾಡುವಾಗ ನಮ್ಮ ನೆರೆಹೊರೆಯವರು, ಬೇರೆ ನಂಬಿಕೆಯವರು, ಆಫೀಸಿನವರು ವೈರಿಗಳು ಅಂತ ಯಾರೂ ತಿಳ್ಕೊಬೇಡಿ. ಎಫೆಸ 6:12 ಸ್ಪಷ್ಟವಾಗಿದೆ, ನಮ್ಮ ಹೋರಾಟ ಮನುಷ್ಯರ ಜೊತೆ ಅಲ್ಲ. ನನ್ನ ಸಾಲದ ದಿನಗಳಲ್ಲಿ ತಿಂಗಳ ರೇಷನ್ ತಂದಿಟ್ಟು ಹೋದವರು ನಮ್ಮ ಎದುರು ಮನೆಯ ಅಜ್ಜಿ. ಅವರು ನಮ್ಮ ಸಭೆಯವರಲ್ಲ.

ರೊಟ್ಟಿ ಮತ್ತು ಬಾಗಿಲು

ರೋಚೆಸ್ಟರ್ ಕೊನೆಗೆ ಯಾಕೆ ಬಿತ್ತು ಗೊತ್ತಾ? ಸುರಂಗದಿಂದ ಮಾತ್ರ ಅಲ್ಲ, ಹಸಿವಿನಿಂದ. ಬಾವಿಯಲ್ಲಿ ನೀರಿತ್ತು, ಊಟ ಇರಲಿಲ್ಲ. ಕುದುರೆಗಳನ್ನು ಕೊಂದು ತಿಂದರು. ನವೆಂಬರ್ 30ರಂದು ಶರಣಾದರು. ಸುಮಾರು ಏಳು ವಾರ. ಆಗ ಚರಿತ್ರೆ ಬರೆಯುತ್ತಿದ್ದ ಒಬ್ಬ ಸನ್ಯಾಸಿ, ಇದಾದ ಮೇಲೆ ಕೋಟೆಗಳನ್ನು ನಂಬೋರು ಕಡಿಮೆಯಾದರು ಅನ್ನೋ ಅರ್ಥದ ಮಾತು ಬರೆದಿಟ್ಟಿದ್ದಾನೆ. ನಮ್ಮ ಹನ್ನೊಂದನೇ ವಚನಕ್ಕೆ ಇದಕ್ಕಿಂತ ಒಳ್ಳೇ ವ್ಯಾಖ್ಯಾನ ನಾನು ಓದಿಲ್ಲ.

ಶಾಟೋ ಗಯಾರ್‌ನಲ್ಲಿ ಆದದ್ದು ಇನ್ನೂ ಕಠಿಣ. ಕೆಳಗಿನ ಊರಿನ ಜನ, ಹೆಂಗಸರು ಮಕ್ಕಳು, ಆಶ್ರಯಕ್ಕೆ ಅಂತ ಕೋಟೆಯೊಳಗೆ ಬಂದಿದ್ದರು. ಆಹಾರ ಸಾಲಲ್ಲ ಅಂತ ಕೋಟೆಯ ಅಧಿಪತಿ ಅವರನ್ನು ಹೊರಗೆ ಕಳಿಸಿದ. ಮೊದಲು ಹೋದವರನ್ನು ಫ್ರೆಂಚರು ದಾಟಲು ಬಿಟ್ಟರು, ಆಮೇಲೆ ಬಿಡಲಿಲ್ಲ. ಕೊನೆಗೆ ಬಂದ ನೂರಾರು ಜನ ಹಿಂದಕ್ಕೆ ಓಡಿದರು. ಕೋಟೆಯ ಬಾಗಿಲು ಮುಚ್ಚಿತ್ತು. ಮುಂದೆ ವೈರಿ ಸೈನ್ಯ, ಹಿಂದೆ ತಮ್ಮದೇ ಕೋಟೆಯ ಮುಚ್ಚಿದ ಬಾಗಿಲು, ಮೇಲೆ ಚಳಿಗಾಲ. ಎಷ್ಟೋ ಜನ ಆ ಇಳಿಜಾರಿನಲ್ಲೇ ಸತ್ತರು.

ಮನುಷ್ಯ ಕಟ್ಟಿದ ಅತ್ಯುತ್ತಮ ಬುರುಜಿನ ಕಥೆ ಇಷ್ಟು. ಗೋಡೆ ಇದೆ, ರೊಟ್ಟಿ ಇಲ್ಲ. ಬಾಗಿಲು ಇದೆ, ಬಲಹೀನರಿಗೆ ಅದು ತೆರೆಯಲ್ಲ. ನಮ್ಮ ಸಭೆಗಳೂ ಕೆಲವು ಸಲ ಹೀಗೇ ಆಗುತ್ತವೆ. ದೇವರು ಕ್ಷಮಿಸಲಿ. ಬಿದ್ದವನನ್ನು ಗ್ರೂಪಿಂದ ರಿಮೂವ್ ಮಾಡಿ ಬಾಗಿಲು ಹಾಕ್ಕೊಳ್ತೇವೆ.

ಈಗ ಯೋಹಾನ 6ನೇ ಅಧ್ಯಾಯ ನೋಡಿ. 35ನೇ ವಚನದಲ್ಲಿ ಯೇಸು ತಾನೇ ಜೀವದ ರೊಟ್ಟಿ ಅನ್ನುತ್ತಾನೆ. ಎರಡೇ ವಚನ ಕೆಳಗೆ, 37ರಲ್ಲಿ, ತನ್ನ ಹತ್ತಿರ ಬಂದವರನ್ನು ತಾನು ಹೊರಗೆ ತಳ್ಳೋದೇ ಇಲ್ಲ ಅನ್ನುತ್ತಾನೆ. ರೋಚೆಸ್ಟರ್‌ನಲ್ಲಿ ಇಲ್ಲದ್ದು, ಗಯಾರ್‌ನಲ್ಲಿ ಇಲ್ಲದ್ದು, ಎರಡೂ ಈ ಒಂದು ನಾಮದಲ್ಲಿದೆ. ರೊಟ್ಟಿಯೂ ಅವನೇ, ತೆರೆದ ಬಾಗಿಲೂ ಅವನೇ. ನಮ್ಮನ್ನು ಒಳಗೆ ಸೇರಿಸೋಕೆ ಅವನೇ ಊರ ಗೋಡೆಯ ಹೊರಗೆ ಸತ್ತ. ಚಪ್ಪಾಳೆ ಅಲ್ಲ, ಸ್ತೋತ್ರ ಹೇಳಿ!

(ಸಭೆ ಸ್ತೋತ್ರ ಹೇಳುತ್ತದೆ.)

ದುಂಡು ಮೂಲೆ

ಕೊನೇ ಮಾತು. ಜಾನ್ ಸತ್ತ ಮೇಲೆ ಅವನ ಮಗ ಮೂರನೇ ಹೆನ್ರಿಯ ಕಾಲದಲ್ಲಿ ಆ ಬಿದ್ದ ಮೂಲೆಯನ್ನು ಮತ್ತೆ ಕಟ್ಟಿದರು. ಆದ್ರೆ ಮೊದಲಿದ್ದ ಹಾಗೆ ಚೌಕ ಕಟ್ಟಲಿಲ್ಲ, ದುಂಡಗೆ ಕಟ್ಟಿದರು. ದುಂಡು ಗೋಡೆಗೆ ಮೀಟೋಕೆ ಮೂಲೆಕಲ್ಲಿಲ್ಲ. ಯಂತ್ರದ ಕಲ್ಲು ಬಡಿದರೂ ಜಾರಿ ಹೋಗುತ್ತೆ. ವೈರಿ ಅಡಗಿ ಕೂರೋ ಕಾಣದ ಜಾಗ ಕಡಿಮೆ.

ಉಳಿದ ಮೂರರ ಜೊತೆ ಅದು ಹೊಂದಿಕೆ ಆಗಲ್ಲ. ನೋಡಿದವರಿಗೆಲ್ಲ ‘ಇಲ್ಲಿ ಏನೋ ಆಗಿತ್ತು’ ಅಂತ ಗೊತ್ತಾಗುತ್ತೆ. 800 ವರ್ಷ ಆದ ಮೇಲೂ ಒಬ್ಬ ಹುಡುಗ ಫೋಟೋ ತೆಗೆದು ‘ಯಾಕೆ ಅಣ್ಣ?’ ಅಂತ ಕೇಳ್ತಾನೆ. ನಾನು ಇವತ್ತು ಇಲ್ಲಿ ನಿಂತು ಹೇಳಿದ್ದು ನನ್ನ ದುಂಡು ಮೂಲೆ. ಸಾಲ ತೀರಿಸೋಕೆ ಹದಿನಾಲ್ಕು ತಿಂಗಳು ಬೇಕಾಯ್ತು. ಇವತ್ತಿಗೂ ನನ್ನ ಬ್ಯಾಂಕ್ ಮೆಸೇಜ್‌ಗಳು ಹೆಂಡತಿಯ ಫೋನಿಗೂ ಹೋಗುತ್ತವೆ. ನಾಚಿಕೆ ಇಲ್ವಾ ಅಂದ್ರೆ, ಇದೆ. ಆದ್ರೆ ಆ ಮೂಲೆಯಲ್ಲಿ ಈಗ ಯಾರೂ ಅಡಗಿ ಕೂರೋಕಾಗಲ್ಲ.

ನೆಟ್ಟಗೆ ನಿಂತಿರೋದಕ್ಕೆ ಗಟ್ಟಿಯಾಗಿದ್ದೇನೆ ಅಂತ ಅರ್ಥ ಅಲ್ಲ. ನಿಮ್ಮಲ್ಲಿ ಯಾರ ಬುರುಜು ಇವತ್ತು ಕಟ್ಟಿಗೆ ಮೇಲೆ ನಿಂತಿದೆ ಅಂತ ನನಗೆ ಗೊತ್ತಿಲ್ಲ. ಸಾಲ ಇರಬಹುದು. ರಾತ್ರಿ ಫೋನಲ್ಲಿ ನೋಡೋದು ಇರಬಹುದು. ಮನೆಗೆ ಹೇಳದೆ ಬಿಟ್ಟ ಕೋರ್ಸ್, ಒಂದು ಸಂಬಂಧ, ಬೆಟ್ಟಿಂಗ್, ಏನೂ ಇರಬಹುದು. ಬೆಂಕಿ ಬೀಳೋವರೆಗೂ ಕಾಯಬೇಡಿ. ಇವತ್ತು ರಾತ್ರಿ ಮಲಗೋ ಮುಂಚೆ ಒಬ್ಬರಿಗೆ ಹೇಳಿ. ಒಬ್ಬರಿಗೆ ಸಾಕು. ಲೋನ್ ಆಪ್‌ನವರು, ಸೈಬರ್ ಮೋಸಗಾರರು ಪೀಡಿಸ್ತಿದ್ರೆ 1930ಕ್ಕೆ ಫೋನ್ ಮಾಡಿ. ಬದುಕೋದೇ ಬೇಡ ಅನಿಸ್ತಿದ್ರೆ 14416, ಟೆಲಿ ಮಾನಸ್, ಹಗಲು ರಾತ್ರಿ ಸಿಗ್ತಾರೆ. ಅಲ್ಲಿಗೆ ಫೋನ್ ಮಾಡಿದ್ರೆ ನಂಬಿಕೆ ಕಡಿಮೆ ಅಂತ ಯಾರಾದ್ರೂ ಹೇಳಿದ್ರೆ ಅವರನ್ನು ನನ್ನ ಹತ್ರ ಕಳಿಸಿ. ಓಡೋನಿಗೆ ಮೆಟ್ಟಿಲೂ ಬೇಕು, ಮೆಟ್ಟಿಲನ್ನೂ ಕರ್ತನೇ ಇಟ್ಟಿದ್ದಾನೆ.

ಕಣ್ಣು ಮುಚ್ಚಿ. ಕೀಬೋರ್ಡ್ ಸ್ವಲ್ಪ ಮೆತ್ತಗೆ. ಯಾರೂ ಕೈ ಎತ್ತೋದು ಬೇಡ, ಮುಂದೆ ಬರೋದೂ ಬೇಡ. ಕೂತಲ್ಲೇ ಕೂತಿರಿ. ನಿಮ್ಮ ಮೂಲೆಯ ಹೆಸರನ್ನು ಕರ್ತನ ಮುಂದೆ ಹೇಳಿ.

ಕರ್ತನೇ, ನಿನ್ನ ನಾಮದ ಬಗ್ಗೆ ಹಾಡಿದ್ದೇವೆ, ಈಗ ಅದರೊಳಗೆ ಓಡಿ ಬರ್ತೇವೆ. ನಮಗೆ ಕಾಣದ ಮೂಲೆ ನಿನಗೆ ಕಾಣುತ್ತೆ. ಬಿದ್ದದ್ದನ್ನು ಮುಚ್ಚಿಡೋಕೆ ನಮಗೆ ಬಿಡಬೇಡ, ಹೊಸದಾಗಿ ಕಟ್ಟು. ಹೊರಗೆ ಚಳಿಯಲ್ಲಿ ನಿಂತವರಿಗೆ ಬಾಗಿಲು ತೆರೆಯೋ ಸಭೆಯಾಗಿ ನಮ್ಮನ್ನು ಮಾಡು. ಈ ಸಂಜೆ ಮನೆಗೆ ಹೋಗೋಕೆ ಕಾಲು ಬಾರದೆ ಪಾರ್ಕಿಂಗ್‌ನಲ್ಲಿ ಕೂರೋ ಮಗ, ಮಗಳು ಯಾರಾದ್ರೂ ಇದ್ರೆ ಅವರ ಪಕ್ಕದಲ್ಲಿ ಕೂತ್ಕೋ ಅಪ್ಪಾ, ಕೈ ಹಿಡಿದು ಮೇಲೆ ಕರ್ಕೊಂಡು ಹೋಗು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಆರಾಧನೆ ಮುಗಿದ ಮೇಲೆ ನಾನು, ನನ್ನ ಹೆಂಡತಿ, ಅಂಕಲ್ ಮೂವರೂ ಹಿಂದಿನ ಸಾಲಲ್ಲಿ ಇರ್ತೇವೆ. ಅವಸರ ಇಲ್ಲ. ಚಹಾ ಇದೆ, ಕುಡಿದೇ ಹೋಗಿ. ದೇವರು ನಿಮ್ಮನ್ನು ಆಶೀರ್ವದಿಸಲಿ.